ದಿನವಿಡೀ ರಸ್ತೆ, ಸಂಜೆಗೆ ಹಡಗು: ಕ್ರೈಸ್ಟ್‌ಚರ್ಚ್‌ನಿಂದ ವೆಲಿಂಗ್ಟನ್‌ಗೆ ಕಾರಿನಲ್ಲಿ ಹೋಗುವುದು ಹೇಗೆ?

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಕ್ರೈಸ್ಟ್‌ಚರ್ಚ್‌ನಿಂದ ಅದೇ ದ್ವೀಪದ ಉತ್ತರ ತುದಿಯ ಪಿಕ್ಟನ್ ಬಂದರಿಗೆ ಒಂದನೇ ಹೆದ್ದಾರಿಯಲ್ಲಿ ಸುಮಾರು 340 ಕಿಲೋಮೀಟರ್ ದೂರ. ಅಲ್ಲಿ ಕಾರಿನ ಸಮೇತ ಹಡಗು ಹತ್ತಿ ಕುಕ್ ಜಲಸಂಧಿಯನ್ನು ದಾಟಿದರೆ ಉತ್ತರ ದ್ವೀಪದ ವೆಲಿಂಗ್ಟನ್ ಸಿಗುತ್ತದೆ. ಮೊಬೈಲಿನ ನಕ್ಷೆ ರಸ್ತೆಯ ಭಾಗಕ್ಕೆ ನಾಲ್ಕೂವರೆ ಗಂಟೆಯ ಆಸುಪಾಸು ತೋರಿಸುತ್ತದೆ. ಆ ಲೆಕ್ಕವನ್ನು ನೆಚ್ಚಿಕೊಂಡು ನಿಧಾನವಾಗಿ ಹೊರಟವರು ಮಧ್ಯಾಹ್ನದ ಹೊತ್ತಿಗೆ ಗಡಿಯಾರ ನೋಡುತ್ತಾ, ದೇಶದ ಅತ್ಯಂತ ಸುಂದರ ಕರಾವಳಿ ರಸ್ತೆಗಳಲ್ಲೊಂದನ್ನು ಬರಿದೇ ಓಡಿಸಿ ಮುಗಿಸುತ್ತಾರೆ. ಹಾಗಾಗಬಾರದೆಂದರೆ ದಿನದ ಲೆಕ್ಕವನ್ನು ಹಡಗುಕಟ್ಟೆಯಲ್ಲಿ ಚೆಕ್-ಇನ್ ಮುಚ್ಚುವ ಹೊತ್ತಿನಿಂದ ಹಿಂದಕ್ಕೆ ಹಾಕುತ್ತಾ ಬರಬೇಕು.

ಮೊದಲು ಹಡಗು, ಆಮೇಲೆ ಉಳಿದದ್ದು

ಈ ಜಲಸಂಧಿಯಲ್ಲಿ ಇಂಟರ್‌ಐಲ್ಯಾಂಡರ್ ಮತ್ತು ಬ್ಲೂಬ್ರಿಜ್ ಎಂಬ ಎರಡು ಸಂಸ್ಥೆಗಳ ಹಡಗುಗಳು ಕಾರುಗಳನ್ನು ಸಾಗಿಸುತ್ತವೆ. ಟಿಕೆಟ್ ಕಾಯ್ದಿರಿಸುವಾಗ ವಾಹನದ ಉದ್ದ, ಎತ್ತರಗಳನ್ನು ಕೇಳುತ್ತಾರೆ. ಮೇಲೆ ಕಟ್ಟಿದ ಪೆಟ್ಟಿಗೆ, ಹಿಂದೆ ತೂಗುಹಾಕಿದ ಸೈಕಲ್ಲು ಎಲ್ಲವನ್ನೂ ಸೇರಿಸಿಯೇ ಅಳತೆ ಕೊಡಬೇಕು. ಬಾಡಿಗೆ ಕಾರಾದರೆ ಅದನ್ನು ಹಡಗಿಗೆ ಏರಿಸಲು ಅನುಮತಿ ಇದೆಯೇ, ಅಥವಾ ಪಿಕ್ಟನ್‌ನಲ್ಲಿ ಬಿಟ್ಟು ವೆಲಿಂಗ್ಟನ್‌ನಲ್ಲಿ ಬೇರೆ ಕಾರು ತೆಗೆದುಕೊಳ್ಳಬೇಕೇ ಎಂಬುದನ್ನು ಬಾಡಿಗೆ ಸಂಸ್ಥೆಯೊಡನೆ ಮೊದಲೇ ಖಚಿತಪಡಿಸಿಕೊಳ್ಳಿ.

ಯಾವ ಹೊತ್ತಿನ ಹಡಗು ಎಂಬುದು ಋತುವನ್ನು ಅವಲಂಬಿಸಿದೆ. ಡಿಸೆಂಬರಿನಲ್ಲಿ ಇಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ಸಂಜೆ ಐದಕ್ಕೇ ಕತ್ತಲು ಕವಿಯತೊಡಗುತ್ತದೆ. ಪಿಕ್ಟನ್ ಬಿಟ್ಟ ಮೊದಲ ಒಂದು ಗಂಟೆಯ ಪ್ರಯಾಣವೇ ಕಣ್ಣಿಗೆ ಹಬ್ಬವಾದ್ದರಿಂದ, ಆ ಹೊತ್ತು ಬೆಳಕಿರುವಂತೆ ಹಡಗನ್ನು ಆರಿಸಿಕೊಳ್ಳಬೇಕು. ಚಳಿಗಾಲದಲ್ಲಿ ಸಂಜೆಯ ಹಡಗು ಹಿಡಿಯುವುದಕ್ಕಿಂತ ಪಿಕ್ಟನ್‌ನಲ್ಲಿ ರಾತ್ರಿ ತಂಗಿ ಮರುದಿನ ದಾಟುವುದೇ ನನ್ನ ದೃಷ್ಟಿಯಲ್ಲಿ ಮೇಲು.

ಕೊನೆಯಿಂದ ಮೊದಲಿಗೆ ಲೆಕ್ಕ

ಬೇಸಿಗೆಯಲ್ಲಿ ಸಂಜೆ ಏಳಕ್ಕೆ ಹಡಗು ಎಂದಿಟ್ಟುಕೊಳ್ಳೋಣ. ವಾಹನಗಳ ಚೆಕ್-ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಗಿಯುವುದರಿಂದ ನಿಜವಾದ ಗಡುವು ಆರು ಗಂಟೆ. ನಿಮ್ಮ ಟಿಕೆಟ್ಟಿನಲ್ಲಿ ಬರೆದಿರುವ ಹೊತ್ತೇ ಅಂತಿಮ. ರಸ್ತೆ ದುರಸ್ತಿ, ನಿಧಾನವಾಗಿ ಸಾಗುವ ಲಾರಿಗಳಿಗೆಂದು ಒಂದು ಗಂಟೆ ಕೈಯಲ್ಲಿಟ್ಟುಕೊಂಡರೆ ಐದಕ್ಕೆ ಮೊದಲೇ ಪಿಕ್ಟನ್ ಸೇರಿರಬೇಕು. ಅಂದರೆ ನಾಲ್ಕೂಕಾಲರ ಸುಮಾರಿಗೆ ಬ್ಲೆನಿಮ್ ಪಟ್ಟಣವನ್ನು ಬಿಡಬೇಕು, ಮಧ್ಯಾಹ್ನ ಒಂದಕ್ಕೆ ದಾರಿಯ ಕರಾವಳಿ ಪಟ್ಟಣವಾದ ಕೈಕೌರಾದಿಂದ ಹೊರಡಬೇಕು, ಹನ್ನೊಂದಕ್ಕೆ ಅಲ್ಲಿಗೆ ತಲುಪಿರಬೇಕು, ಕ್ರೈಸ್ಟ್‌ಚರ್ಚ್‌ನಿಂದ ಬೆಳಿಗ್ಗೆ ಎಂಟಕ್ಕೆ ಹೊರಟಿರಬೇಕು. ಈ ಲೆಕ್ಕದಲ್ಲಿ ಎಲ್ಲೂ ಧಾವಂತವಿಲ್ಲ.

ಹೊರಡುವ ಮುನ್ನ ಸಾರಿಗೆ ಇಲಾಖೆಯಾದ ವಾಕಾ ಕೊಟಾಹಿಯ ಜಾಲತಾಣದಲ್ಲಿ ರಸ್ತೆಯ ಸ್ಥಿತಿಯನ್ನೂ ಹವಾಮಾನ ಸಂಸ್ಥೆಯಾದ ಮೆಟ್‌ಸರ್ವೀಸ್‌ನಲ್ಲಿ ಗಾಳಿಯ ಮುನ್ಸೂಚನೆಯನ್ನೂ ನೋಡಿಕೊಳ್ಳಿ. ಇದು ಬರೀ ಔಪಚಾರಿಕ ಎಚ್ಚರಿಕೆಯಲ್ಲ. 2016ರ ನವೆಂಬರ್ 14ರಂದು 7.8 ತೀವ್ರತೆಯ ಭೂಕಂಪಕ್ಕೆ ಕೈಕೌರಾದ ಗುಡ್ಡಗಳು ಕುಸಿದು ಇದೇ ಹೆದ್ದಾರಿಯ ಮೇಲೆ ಬಿದ್ದಿದ್ದವು. ಪಟ್ಟಣದ ಉತ್ತರದ ರಸ್ತೆ ಮತ್ತೆ ತೆರೆದದ್ದು 2017ರ ಡಿಸೆಂಬರ್‌ನಲ್ಲಿ. ಜೋರು ಮಳೆ ಬಂದಾಗ ಈಗಲೂ ಈ ಭಾಗವನ್ನು ಮುಚ್ಚುವುದುಂಟು.

ದಾರಿಯಲ್ಲಿ

ವೈಪರಾದ ದ್ರಾಕ್ಷಿ ತೋಟಗಳನ್ನು ದಾಟಿ, ಹಂಡಲೀ ಬೆಟ್ಟಗಳ ತಿರುವುಗಳನ್ನು ಇಳಿದಾಗ ಒಮ್ಮೆಲೇ ಸಮುದ್ರ ಎದುರಾಗುತ್ತದೆ. ಕೈಕೌರಾದ ದಡಕ್ಕೆ ತೀರ ಹತ್ತಿರದಲ್ಲೇ ಸಾವಿರ ಮೀಟರಿಗೂ ಆಳವಾದ ಕಡಲ ಕಮರಿಯಿದ್ದು, ಅದರಿಂದಾಗಿ ಸ್ಪರ್ಮ್ ತಿಮಿಂಗಿಲಗಳು ವರ್ಷವಿಡೀ ಕಾಣಸಿಗುತ್ತವೆ. ಆದರೂ ತಿಮಿಂಗಿಲ ನೋಡುವ ದೋಣಿಯಾತ್ರೆಯನ್ನು ಈ ದಿನಕ್ಕೆ ಸೇರಿಸಬೇಡಿ. ಅದಕ್ಕೆ ಒಟ್ಟು ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಗಾಳಿಯಿದ್ದರೆ ಹೊರಡುವುದು ತಡವೂ ಆಗುತ್ತದೆ. ಅದು ಬೇಕೇ ಬೇಕೆಂದರೆ ಕೈಕೌರಾದಲ್ಲಿ ಒಂದು ರಾತ್ರಿ ಉಳಿಯಿರಿ.

ಅದಕ್ಕೆ ಬದಲಾಗಿ ಪಟ್ಟಣದಿಂದ ಉತ್ತರಕ್ಕೆ ಅರ್ಧ ಗಂಟೆ ಹೋದರೆ ಸಿಗುವ ಓಹೌ ಪಾಯಿಂಟ್‌ನಲ್ಲಿ ಸಮಯ ಕಳೆಯಿರಿ. ರಸ್ತೆಯ ಮಗ್ಗುಲಲ್ಲೇ, ಕೆಳಗಿನ ಬಂಡೆಗಳ ಮೇಲೆ ತುಪ್ಪಳದ ಸೀಲ್‌ಗಳು ಮೈಚೆಲ್ಲಿ ಮಲಗಿರುತ್ತವೆ. ಮರಿಗಳು ಬಂಡೆಯ ನಡುವಿನ ನೀರಿನ ಗುಂಡಿಗಳಲ್ಲಿ ಮುಳುಗೇಳುತ್ತಾ, ಒಂದನ್ನೊಂದು ಕಚ್ಚಾಡುತ್ತಾ ಆಡುವುದನ್ನು ಕಟ್ಟೆಯ ಮೇಲಿಂದಲೇ ನೋಡಬಹುದು. ಅವುಗಳಿಂದ ಕನಿಷ್ಠ 20 ಮೀಟರ್ ದೂರವಿರಬೇಕೆಂಬುದು ಅಲ್ಲಿನ ಸಂರಕ್ಷಣಾ ಇಲಾಖೆಯ ಸೂಚನೆ. ಇಲ್ಲಿ ಚಾಲಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನ್ಯೂಜಿಲೆಂಡಿನಲ್ಲೂ ವಾಹನ ಓಡುವುದು ಎಡಗಡೆಯೇ, ಆದರೆ ಉತ್ತರಕ್ಕೆ ಹೋಗುವವರಿಗೆ ಸಮುದ್ರ ಬಲಕ್ಕಿರುತ್ತದೆ. ಹೀಗಾಗಿ ಕಡಲ ಬದಿಯ ತಂಗುತಾಣಗಳಿಗೆ ಎದುರಿನ ವಾಹನಗಳ ಸಾಲನ್ನು ದಾಟಿಯೇ ತಿರುಗಬೇಕು. ವಾಹನಗಳು ವೇಗವಾಗಿ ಓಡುವ ಈ ರಸ್ತೆಯಲ್ಲಿ ಸಾಕಷ್ಟು ಮೊದಲೇ ಇಂಡಿಕೇಟರ್ ಹಾಕಿ, ಹಿಂದಿನವರಿಗೆ ತಿಳಿಯುವಂತೆ ವೇಗ ತಗ್ಗಿಸಿ.

ಮುಂದೆ ಗ್ರಾಸ್‌ಮಿಯರ್ ಸರೋವರದ ಉಪ್ಪಿನ ಗದ್ದೆಗಳು ಸಿಗುತ್ತವೆ. ಉಪ್ಪು ಗಟ್ಟಿಯಾಗುವ ಕಾಲದಲ್ಲಿ ಅಲ್ಲಿನ ನೀರು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಬ್ಲೆನಿಮ್ ಸುತ್ತಲಿನದು ಮಾರ್ಲ್‌ಬರೋದ ಹೆಸರಾಂತ ವೈನ್ ಸೀಮೆ. ಕಾರು ಓಡಿಸುವವರು ಬಾಟಲಿಯನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋಗಲಿ, ರುಚಿ ನೋಡುವುದು ವೆಲಿಂಗ್ಟನ್ ಸೇರಿದ ಮೇಲಾಗಲಿ.

ಹಡಗುಕಟ್ಟೆಯಲ್ಲಿ ಮತ್ತು ನೀರಿನ ಮೇಲೆ

ಚೆಕ್-ಇನ್ ಆದ ಮೇಲೆ ನಿಮಗೆ ಕೊಟ್ಟ ಸಂಖ್ಯೆಯ ಸಾಲಿನಲ್ಲಿ ಕಾರು ನಿಲ್ಲಿಸಿ ಕಾಯಬೇಕು. ಕಾಯುವಾಗಲೇ ಬೆಚ್ಚನೆಯ ಅಂಗಿ, ನೀರು, ಔಷಧಿ, ಕ್ಯಾಮೆರಾಗಳನ್ನು ಒಂದು ಚೀಲಕ್ಕೆ ತುಂಬಿಕೊಳ್ಳಿ, ಏಕೆಂದರೆ ಹಡಗು ಹೊರಟ ಮೇಲೆ ವಾಹನಗಳ ಅಂತಸ್ತಿಗೆ ಪ್ರಯಾಣಿಕರನ್ನು ಬಿಡುವುದಿಲ್ಲ. ಒಳಗೆ ನಿಲ್ಲಿಸಿದ ಬಳಿಕ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲೋ ಪಾರ್ಕ್‌ನಲ್ಲೋ ಬಿಟ್ಟು, ಕಳ್ಳರ ಅಲಾರಂ ಆಫ್ ಮಾಡಿ. ಹಡಗಿನ ಅಲುಗಾಟಕ್ಕೇ ಅದು ಕೂಗಿಕೊಳ್ಳುತ್ತದೆ. ಮೆಟ್ಟಿಲ ಬಳಿ ಬರೆದಿರುವ ಅಂತಸ್ತಿನ ಸಂಖ್ಯೆಯ ಫೋಟೊ ತೆಗೆದುಕೊಂಡರೆ ಇಳಿಯುವಾಗ ಹುಡುಕಾಟ ತಪ್ಪುತ್ತದೆ.

ದಾಟಲು ಸುಮಾರು ಮೂರೂವರೆ ಗಂಟೆ ಬೇಕು. ಮೊದಲ ಭಾಗ ಕ್ವೀನ್ ಷಾರ್ಲೆಟ್ ಸೌಂಡ್ ಮತ್ತು ಟೋರಿ ಚಾನೆಲ್ ಎಂಬ ಕಿರಿದಾದ ಕಡಲ ಹಾದಿಗಳ ಮೂಲಕ, ಎರಡೂ ಕಡೆ ಕಾಡುಗುಡ್ಡಗಳ ನಡುವೆ ಶಾಂತ ನೀರಿನಲ್ಲಿ ಸಾಗುತ್ತದೆ. ತೆರೆದ ಅಂತಸ್ತಿನಲ್ಲಿ ನಿಂತು ನೋಡಬೇಕಾದದ್ದೂ ಲಘುವಾಗಿ ಊಟ ಮುಗಿಸಬೇಕಾದದ್ದೂ ಈ ಅವಧಿಯಲ್ಲೇ. ಚಾನೆಲ್ಲಿನ ಬಾಯಿ ದಾಟಿದೊಡನೆ ಪಶ್ಚಿಮದ ಗಾಳಿ ಎರಡು ದ್ವೀಪಗಳ ಇಕ್ಕಟ್ಟಿನಲ್ಲಿ ನುಗ್ಗಿ ಬೀಸುವ ಜಲಸಂಧಿ ಎದುರಾಗುತ್ತದೆ. ವಾಕರಿಕೆ ಬರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕುಳಿತು ದೂರದ ದಿಗಂತವನ್ನು ನೋಡುತ್ತಿರುವುದು ಒಳ್ಳೆಯದು. ಮಾತ್ರೆಯನ್ನು ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ಆದರೆ ಇಂಥ ಮಾತ್ರೆಗಳಲ್ಲಿ ಕೆಲವು ನಿದ್ದೆ ತರಿಸುವುದರಿಂದ, ವೆಲಿಂಗ್ಟನ್‌ನಲ್ಲಿ ಮತ್ತೆ ಸ್ಟೀರಿಂಗ್ ಹಿಡಿಯಬೇಕಾದವರು ನಿದ್ದೆ ಬರಿಸದ ಬಗೆ ಯಾವುದೆಂದು ಔಷಧಿ ಅಂಗಡಿಯಲ್ಲಿ ಕೇಳಿಯೇ ಕೊಳ್ಳಬೇಕು.

ಅಲೆ ಜೋರಾದರೆ ಹಡಗು ರದ್ದಾಗುವುದುಂಟು. ಹಾಗಾಗಿ ಮರುದಿನ ಬೆಳಿಗ್ಗೆಯ ವಿಮಾನವನ್ನು ಇದಕ್ಕೆ ಜೋಡಿಸಿಕೊಳ್ಳುವುದು ಅಪಾಯ. ಏಳರ ಹಡಗು ವೆಲಿಂಗ್ಟನ್ ಮುಟ್ಟುವಾಗ ರಾತ್ರಿ ಹತ್ತೂವರೆ ಆಗಿರುತ್ತದೆ. ಬಂದರಿಗೆ ಸಮೀಪದಲ್ಲೇ ಕೋಣೆ ಕಾಯ್ದಿರಿಸಿ, ತಡವಾಗಿ ಬರುವುದಾಗಿ ಅವರಿಗೆ ಮೊದಲೇ ತಿಳಿಸಿ, ಆ ಹೊತ್ತಿನಲ್ಲಿ ಕಾರನ್ನು ಎಲ್ಲಿ ನಿಲ್ಲಿಸಬೇಕೆಂದೂ ಕೇಳಿಟ್ಟುಕೊಳ್ಳಿ.