ಅಲಸಂಡೆ ಬಳ್ಳಿಗೆ ನಮ್ಮ ಮನೆಯ ಕಷಾಯ

ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಗುಡ್ಡದ ಬುಡದಲ್ಲಿ ನಮ್ಮ ಮನೆ. ನಾನು ಶಾಲೆಗೆ ಹೋಗುವ ಕಾಲದಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆಯುತ್ತಿದ್ದರು. ಅದನ್ನು ನೋಡಲು ನಾವು ಮಕ್ಕಳು ಅಂಗಳಕ್ಕೆ ಓಡುತ್ತಿದ್ದೆವು. 2000ದ ಹೊತ್ತಿಗೆ ಅದು ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ಇಡೀ ದೇಶದಲ್ಲೇ ತಡೆಯಿತು. ಆದರೆ ಹಾಸಿಗೆಯಿಂದ ಏಳಲಾಗದ ಮಕ್ಕಳನ್ನು ಊರಲ್ಲಿ ನೋಡುತ್ತಾ ಬೆಳೆದವಳು ನಾನು. ಅಂಗಡಿಯ ವಿಷದ ಬಾಟ್ಲಿ ಮನೆಗೆ ತರಲು ಮನಸ್ಸು ಬರುವುದಿಲ್ಲ.

ಆದರೆ ಅಲಸಂಡೆಗೆ ಹೇನು ಬಾರದ ವರ್ಷವೇ ಇಲ್ಲ. ಕುಡಿ, ಎಳೆ ಕಾಯಿ, ಎಲ್ಲಾ ಕಪ್ಪಾಗಿ ಮೆತ್ತಿಕೊಳ್ಳುತ್ತದೆ. ಮೊದಲು ಅತ್ತೆ ಹೇಳಿದಂತೆ ಹೊಗೆಸೊಪ್ಪು ನೆನೆಸಿದ ನೀರಿಗೆ ಸೋಪು ಕಲಸಿ ಹೊಡೆದೆ. ಹೇನು ಸತ್ತಿತು. ಎರಡೇ ವಾರದಲ್ಲಿ ಮೊದಲಿಗಿಂತ ಜಾಸ್ತಿ ಬಂತು. ಹೇನು ತಿನ್ನುವ ಗುಲಗಂಜಿ ಹುಳುವೂ ಜೊತೆಗೇ ಸತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಅದರ ಮರಿ ಕಪ್ಪಗೆ ಉದ್ದಕ್ಕೆ ಇರುತ್ತದೆ, ಮೈಮೇಲೆ ಕೇಸರಿ ಚುಕ್ಕೆ. ಕೀಟ ಅಂತ ತಿಳಿದು ಎಷ್ಟೋ ಮರಿಗಳನ್ನು ನಾನೇ ಹೊಸಕಿದ್ದೆ. ಈಗಲೂ ಬೇಸರವಾಗುತ್ತದೆ. ಹೊಗೆಸೊಪ್ಪೂ ವಿಷವೇ ಅಲ್ವಾ? ಅದನ್ನು ಬಿಟ್ಟೆ.

ಈಗ ಮಾಡುವುದು ಬೇವಿನೆಣ್ಣೆ, ಬೆಳ್ಳುಳ್ಳಿಯ ಕಷಾಯ. ಒಂದು ಲೀಟರಿಗೆ 20 ಮಿಲಿಲೀಟರ್ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಬಾರ್ ಸೋಪು. ಐದು ಗ್ರಾಂ ಅಂದರೆ ಒಂದು ಅಡಿಕೆ ಹೋಳಿನಷ್ಟು. ಮೊದಲು ಸೋಪನ್ನು ಉಗುರುಬೆಚ್ಚಗಿನ ನೀರಲ್ಲಿ ಕರಗಿಸಬೇಕು. ಅದಕ್ಕೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹೊಯ್ದು, ಹಾಲಿನಂತೆ ಬೆಳ್ಳಗಾಗುವವರೆಗೆ ಕಡೆಯಬೇಕು. ಎಣ್ಣೆ ಮೇಲೆ ತೇಲಿದರೆ ಹೊಡೆಯಬೇಡಿ, ಎಲೆ ಸುಡುತ್ತದೆ. ಆಮೇಲೆ ಅರೆದ ಬೆಳ್ಳುಳ್ಳಿಯ ರಸ ಸೇರಿಸಿ, ಉಳಿದ ನೀರು ಹಾಕಿ, ಹಳೇ ಪಂಚೆಯಲ್ಲಿ ಸೋಸಿ ಅವತ್ತೇ ಮುಗಿಸುತ್ತೇನೆ.

ಹೊಡೆಯುವ ಹೊತ್ತೇ ಮುಖ್ಯ. ಒಮ್ಮೆ ಮಧ್ಯಾಹ್ನದ ಬಿಸಿಲಿಗೆ ಹೊಡೆದು ಒಂದು ಸಾಲು ಪೂರ್ತಿ ಕರಟಿಹೋಯಿತು. ಬೇವಿನ ಸತ್ವವೂ ಬಿಸಿಲಿಗೆ ನಿಲ್ಲುವುದಿಲ್ಲ. ಅಲಸಂಡೆ ಹೂ ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತದೆ. ಆದ್ದರಿಂದ ಸಂಜೆ ಹೊಡೆದರೆ ಜೇನುನೊಣ ಆ ಹೂವಿನ ಹತ್ತಿರ ಇರುವುದಿಲ್ಲ. ಹೇನು ಎಲೆಯ ಅಡಿಯಲ್ಲೂ ಇರುತ್ತದೆ. ಅಲ್ಲಿಗೆ ತಾಗದಿದ್ದರೆ ಸುಮ್ನೆ ಶ್ರಮ ದಂಡ.

ಬೇವು ತಕ್ಷಣ ಕೊಲ್ಲುವ ಮದ್ದಲ್ಲ, ಹುಳು ತಿನ್ನುವುದನ್ನು ಬಿಡಬೇಕು, ಬೆಳವಣಿಗೆ ನಿಲ್ಲಬೇಕು. ವಾರಕ್ಕೊಮ್ಮೆಯಂತೆ ಎರಡು ಮೂರು ಸಲ ಹೊಡೆಯಬೇಕಾಗುತ್ತದೆ. ಮಳೆಗಾಲದಲ್ಲಿ ಎಲ್ಲಾ ತೊಳೆದುಹೋಗುತ್ತದೆ, ಆಗ ನಾನು ಪ್ರಯತ್ನಿಸುವುದೇ ಇಲ್ಲ.

ಪಕ್ಕದ ಮನೆಯ ಅಕ್ಕ ಒಮ್ಮೆ ಕೇಳಿದರು, "ಗುಡ್ಡೆಯಲ್ಲಿ ಕಾಸರಕ ಬೇಕಾದಷ್ಟು ಉಂಟಲ್ಲ, ಅದನ್ನೇ ಅರೆದು ಹಾಕಿದರೆ ಏನು?" ಬೇಡ ಅಂದೆ. ಆ ಮರದ ಬೀಜದಲ್ಲಿ ಮನುಷ್ಯರನ್ನೇ ಕೊಲ್ಲುವ ವಿಷವಿದೆ. ನಾಳೆ ಪಲ್ಯ ಮಾಡುವ ಕಾಯಿಗೆ ಅದು ಬೇಡ.

ಈ ಸಲ ಬಾವಿಕಟ್ಟೆ ಪಕ್ಕದ ಎರಡು ಬಳ್ಳಿಗೆ ಕಷಾಯ ಹೊಡೆದಿಲ್ಲ. ಹೇನು ಇದೆ, ಆದರೆ ಗುಲಗಂಜಿ ಮರಿಗಳೂ ಬಂದಿವೆ. ದಿನಾ ಬೆಳಗ್ಗೆ ಎಲೆ ಮಗುಚಿ ನೋಡುತ್ತಿದ್ದೇನೆ.