ಕಂಟೇನರ್ ಟೈಮ್ ಹಿಂದೆ ಬಿದ್ದರೆ ವಿಎಂ ನೋಡಿ: ನನ್ನ ಅನುಭವ

ನಮ್ಮ ಕೆವಿಎಂ (ಲಿನಕ್ಸ್‌ನ ವರ್ಚುವಲೈಸೇಶನ್) ಸರ್ವರ್‌ನ ಮೇಲೆ ಒಂದು ಲಿನಕ್ಸ್ ವಿಎಂ, ಅಂದರೆ ವರ್ಚುವಲ್ ಮಷೀನ್ ಇದೆ, ಅದರೊಳಗೆ ಡಾಕರ್ ಕಂಟೇನರ್‌ಗಳು (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್‌ಗಳು) ಓಡುತ್ತವೆ. ರಾತ್ರಿ ಬ್ಯಾಕಪ್ ತೆಗೆಯುವಾಗ ವಿಎಂ ಪಾಸ್ ಮಾಡುತ್ತೇವೆ, ಅಂದರೆ ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತೇವೆ. ಡಿಸ್ಕ್ ಬೆಳೆದಂತೆ ಪಾಸ್ ಆಗಿರುವ ಹೊತ್ತೂ ಬೆಳೆಯಿತು. ಆಮೇಲೆ ಎಸ್3ಗೆ (ಅಮೆಜಾನ್‌ನ ಕ್ಲೌಡ್ ಸಂಗ್ರಹ) ಫೈಲ್ ಅಪ್‌ಲೋಡ್ ಮಾಡುವ ಕಂಟೇನರ್ 'ರಿಕ್ವೆಸ್ಟ್ ಟೈಮ್ ಟೂ ಸ್ಕ್ಯೂಡ್' ಎಂಬ ಎರರ್ ಕೊಡಲು ಶುರುವಾಯಿತು. ರಿಕ್ವೆಸ್ಟ್‌ನಲ್ಲಿರುವ ಸಮಯಕ್ಕೂ ಸರ್ವರ್ ಸಮಯಕ್ಕೂ 15 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಎಸ್3 ಒಪ್ಪುವುದಿಲ್ಲ. ಅದು ಸರಿಯಾದ ನಿಯಮವೇ. ಹಳೆಯ ರಿಕ್ವೆಸ್ಟನ್ನು ಕದ್ದು ಮತ್ತೆ ಕಳಿಸುವವರನ್ನು ತಡೆಯಲು ಅದು ಬೇಕು.

ಹೋಸ್ಟ್ (ವಿಎಂ ಓಡಿಸುವ ಸರ್ವರ್), ವಿಎಂ, ಕಂಟೇನರ್ ಮೂರರಲ್ಲೂ ಒಟ್ಟಿಗೆ ಟೈಮ್ ನೋಡಿದೆ. ಇಲ್ಲೊಂದು ಎಚ್ಚರ ಬೇಕು. ನಮ್ಮ ಹೋಸ್ಟ್‌ನಲ್ಲಿರುವುದು ಭಾರತೀಯ ಕಾಲಮಾನ, ಬಹುತೇಕ ಕಂಟೇನರ್ ಇಮೇಜ್‌ಗಳಲ್ಲಿರುವುದು (ಕಂಟೇನರ್ ಶುರುವಾಗುವ ಮೂಲ ಪ್ರತಿ) ಯುಟಿಸಿ. ಐದೂವರೆ ಗಂಟೆ ವ್ಯತ್ಯಾಸ ಕಂಡರೆ ಅದು ಟೈಮ್‌ಝೋನ್, ಡ್ರಿಫ್ಟ್ (ಗಡಿಯಾರ ತಪ್ಪಿದ್ದು) ಅಲ್ಲ. ಹಾಗಾಗಿ 1970ರಿಂದ ಎಷ್ಟು ಸೆಕೆಂಡ್ ಆಯಿತು ಎಂಬ ಲೆಕ್ಕವನ್ನೇ ಹೋಲಿಸಬೇಕು. ಹೋಲಿಸಿದಾಗ ವಿಎಂ ಮತ್ತು ಕಂಟೇನರ್ ಸಂಖ್ಯೆ ಒಂದೇ ಇತ್ತು. ಹೋಸ್ಟ್ ಮಾತ್ರ ಇಪ್ಪತ್ತು ನಿಮಿಷದಷ್ಟು ಮುಂದಿತ್ತು.

ಕಂಟೇನರ್‌ಗೆ ಸ್ವಂತ ಗಡಿಯಾರ ಇಲ್ಲ. ಅದು ವಿಎಂ ಕರ್ನಲ್‌ನ ಟೈಮನ್ನೇ ಓದುತ್ತದೆ. ಲಿನಕ್ಸ್ 5.6ರಲ್ಲಿ ಟೈಮ್ ನೇಮ್‌ಸ್ಪೇಸ್ (ಕಂಟೇನರ್‌ಗೆ ಬೇರೆ ಟೈಮ್ ತೋರಿಸುವ ಸೌಲಭ್ಯ) ಬಂದಿದ್ದರೂ ಅದರಲ್ಲಿ ಸೇರಿರುವುದು ಬೂಟ್ ಆದಲ್ಲಿಂದ ಎಣಿಸುವ ಮೊನೊಟೊನಿಕ್ ಮತ್ತು ಬೂಟ್‌ಟೈಮ್ ಕ್ಲಾಕ್‌ಗಳು ಮಾತ್ರ, ದಿನಾಂಕ ಹೇಳುವ ಕ್ಲಾಕ್ ಅಲ್ಲ. ಕಂಟೇನರ್ ಒಳಗಿಂದ ಟೈಮ್ ಬದಲಿಸಲು ಹೊರಟರೆ ಅನುಮತಿ ಇಲ್ಲ ಎನ್ನುತ್ತದೆ. ಅನುಮತಿ ಕೊಟ್ಟರೆ ಪಕ್ಕದ ಕಂಟೇನರ್‌ಗಳ ಟೈಮೂ ಬದಲಾಗುತ್ತದೆ. ಆದ್ದರಿಂದ ಇಮೇಜ್ ಒಳಗೆ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಟೈಮ್ ಸರಿಪಡಿಸುವ ವ್ಯವಸ್ಥೆ) ಹಾಕುವುದರಿಂದ ಪ್ರಯೋಜನವಿಲ್ಲ.

ಆದರೆ ವಿಎಂನಲ್ಲಿ ಟೈಮ್ ಸರಿಪಡಿಸುವ ಕ್ರೋನಿ ಪ್ರೋಗ್ರಾಮ್ ಓಡುತ್ತಲೇ ಇತ್ತಲ್ಲ! ಉತ್ತರ ಸಿಕ್ಕಿದ್ದು ಕಾನ್ಫಿಗ್‌ನ ಮೇಕ್‌ಸ್ಟೆಪ್ ಸಾಲಿನಲ್ಲಿ. ಅಲ್ಲಿ 1 ಮತ್ತು 3 ಎಂದಿತ್ತು. ಅಂದರೆ ವ್ಯತ್ಯಾಸ ಒಂದು ಸೆಕೆಂಡ್ ಮೀರಿದರೆ ಟೈಮನ್ನು ಒಮ್ಮೆಲೇ ಹಾರಿಸಬಹುದು, ಆದರೆ ಕ್ರೋನಿ ಶುರುವಾದ ಮೇಲಿನ ಮೊದಲ ಮೂರು ಅಪ್‌ಡೇಟ್‌ಗಳಲ್ಲಿ ಮಾತ್ರ. ಆಮೇಲೆ ಗಡಿಯಾರವನ್ನು ಸ್ವಲ್ಪ ಜೋರಾಗಿ ಓಡಿಸಿ ಸರಿದೂಗಿಸುತ್ತದೆ. ಅದಕ್ಕಿರುವ ಡೀಫಾಲ್ಟ್ ಮಿತಿ 83333 ಪಿಪಿಎಂ, ಅಂದರೆ ಹನ್ನೆರಡು ನಿಮಿಷಕ್ಕೆ ಹೆಚ್ಚೆಂದರೆ ಒಂದು ನಿಮಿಷ. ಇಪ್ಪತ್ತು ನಿಮಿಷ ತುಂಬಲು ನಾಲ್ಕು ಗಂಟೆ! ಬೆಳಗ್ಗೆ ನೋಡುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತಿತ್ತು, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ 3ರ ಜಾಗದಲ್ಲಿ ಮೈನಸ್ 1 ಹಾಕಿದೆ; ಈಗ ಯಾವಾಗ ಬೇಕಾದರೂ ಹಾರಿಸಬಹುದು. ಭೌತಿಕ ಸರ್ವರ್‌ಗೆ ನಾನಿದನ್ನು ಹೇಳುವುದಿಲ್ಲ, ಟೈಮ್ ಹಿಂದಕ್ಕೆ ಹಾರಿದರೆ ಡೇಟಾಬೇಸ್‌ನಲ್ಲಿ ಗೋಜಲಾಗುತ್ತದೆ. ಆದರೆ ಪಾಸ್ ಆಗಿ ಎದ್ದ ವಿಎಂ ಯಾವತ್ತೂ ಹಿಂದೆ ಬಿದ್ದಿರುತ್ತದೆ, ಹಾರುವುದು ಮುಂದಕ್ಕೇ. ಜೊತೆಗೆ ವಿಎಂನಲ್ಲಿ ಪಿಟಿಪಿ ಕೆವಿಎಂ ಎಂಬ ಕರ್ನಲ್ ಮಾಡ್ಯೂಲ್ (ಹೋಸ್ಟ್‌ನ ಟೈಮ್ ಓದಲು ಬಿಡುವ ಭಾಗ) ಲೋಡ್ ಮಾಡಿ, ಅದು ಕೊಡುವ ಪಿಟಿಪಿ ಡಿವೈಸನ್ನು ಕ್ರೋನಿಗೆ ರೆಫ್‌ಕ್ಲಾಕ್ (ಮಾದರಿ ಗಡಿಯಾರ) ಆಗಿ ಕೊಟ್ಟೆ, ಪೋಲ್ 2 (ಎರಡರ ಎರಡನೇ ಘಾತ, ಅಂದರೆ ನಾಲ್ಕು ಸೆಕೆಂಡ್) ಎಂದು. ನೆಟ್‌ವರ್ಕ್ ದಾಟದೆ ನಾಲ್ಕು ಸೆಕೆಂಡಿಗೊಮ್ಮೆ ಹೋಸ್ಟ್‌ನ ಟೈಮೇ ಸಿಗುತ್ತದೆ. ಹೋಸ್ಟ್ ಮೊದಲು ಎನ್‌ಟಿಪಿಯಿಂದ ಸರಿ ಇರಲೇಬೇಕು.

ಎದ್ದ ಕೂಡಲಿನ ಆ ಕೆಲವು ಸೆಕೆಂಡ್‌ಗಳೂ ನನಗೆ ಬೇಡವಾಗಿದ್ದವು. ವಿಎಂನಲ್ಲಿ ಕ್ಯೂಇಎಂಯು ಗೆಸ್ಟ್ ಏಜೆಂಟ್ (ಹೋಸ್ಟ್ ಹೇಳಿದ್ದನ್ನು ವಿಎಂ ಒಳಗೆ ಮಾಡುವ ಪ್ರೋಗ್ರಾಮ್) ಹಾಕಿ, ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ರೆಸ್ಯೂಮ್ ಆದ ತಕ್ಷಣ ವಿರ್ಶ್‌ನ (ವಿಎಂ ನಿಭಾಯಿಸುವ ಟೂಲ್) ಡೊಮ್‌ಟೈಮ್ ಕಮಾಂಡನ್ನು ಸಿಂಕ್ ಆಯ್ಕೆಯೊಂದಿಗೆ ಸೇರಿಸಿದೆ. ಅಪ್‌ಲೋಡ್ ಶುರುವಾಗುವುದು ಅದು ಮುಗಿದ ಮೇಲೆಯೇ. ಕೋಡ್‌ನಲ್ಲಿ ಟೈಮ್‌ಔಟ್ ಲೆಕ್ಕವನ್ನೆಲ್ಲ ಮೊನೊಟೊನಿಕ್ ಕ್ಲಾಕ್‌ಗೆ ಬದಲಿಸಿದ್ದೇವೆ, ಇಲ್ಲವಾದರೆ ಇಪ್ಪತ್ತು ನಿಮಿಷ ಹಾರಿದಾಗ ಕಾಯುತ್ತಿದ್ದ ಕನೆಕ್ಷನ್‌ಗಳೆಲ್ಲ ಒಟ್ಟಿಗೆ ಟೈಮ್‌ಔಟ್ ಆಗುತ್ತವೆ.