ಎಡಿಎಚ್‌ಡಿ ಇರುವವರು ಯಾವ ಆ್ಯಪ್ ಬ್ಲಾಕರ್ ಆರಿಸಬೇಕು?

ಚಿಕ್ಕಮಗಳೂರಿನ ಗೆಳೆಯರೇ, ಕಾಫಿ ದರ ನೋಡಲು ಮೊಬೈಲ್ ತೆಗೆದು ರೀಲ್ಸ್‌ನಲ್ಲಿ ಮುಳುಗಿಹೋಗುವವರಿಗೆ, ಅದರಲ್ಲೂ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲಿಸುವುದು, ಸೆಳೆತ ತಡೆಯುವುದು ಕಷ್ಟವಾಗುವ ಸ್ಥಿತಿ) ಇರುವವರಿಗೆ, ಆ್ಯಪ್‌ಗಳ ಬಳಕೆಗೆ ತಡೆ ಹಾಕುವ ಬ್ಲಾಕರ್ ಆರಿಸಲು ಈ ಸಲಹೆ.

ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಆ್ಯಪ್ ಬಳಕೆಗೆ ದಿನದ ಮಿತಿ ಹಾಕುವ ಟೈಮರ್ ಉಚಿತವಾಗಿಯೇ ಇದೆ. ಆದರೆ ಅದನ್ನು ತೆಗೆದುಹಾಕಲು ಅರೆಗಳಿಗೆ ಸಾಕು. ತಕ್ಷಣದ ಸೆಳೆತವನ್ನು ತಡೆಯುವುದೇ ಕಷ್ಟವಾಗಿರುವವರಿಗೆ ಅದು ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಂತೆ. ಹಾಗಾಗಿ ಬ್ಲಾಕರ್ ಆರಿಸುವಾಗ, ಬಳಕೆಯ ಲೆಕ್ಕ ತೋರಿಸುವ ಬಣ್ಣಬಣ್ಣದ ಗ್ರಾಫ್‌ಗಳಿಗೆ ಮರುಳಾಗಬೇಡಿ. ತಡೆಯನ್ನು ಮುರಿಯುವುದು ಎಷ್ಟು ಕಷ್ಟ ಎಂಬುದನ್ನೇ ಮೊದಲು ನೋಡಿ. ಆಂಡ್ರಾಯ್ಡ್‌ನ ಸ್ಟೇ ಫೋಕಸ್ಡ್ ಎಂಬ ಬ್ಲಾಕರ್‌ನಲ್ಲಿ, ತಡೆಯನ್ನು ಸುಲಭವಾಗಿ ತೆಗೆಯಲು ಬಿಡದ ಸ್ಟ್ರಿಕ್ಟ್ ಮೋಡ್ ಇದೆ. ಐಫೋನ್‌ನವರು, ಬಳಕೆಗೆ ಮಿತಿ ಹಾಕುವ ಸ್ಕ್ರೀನ್ ಟೈಮ್ ಸೆಟ್ಟಿಂಗ್‌ನ ಪಾಸ್‌ಕೋಡ್ ಅನ್ನು ಮನೆಯವರಿಂದ ಹಾಕಿಸಿ, ಅದೇನೆಂದು ನೀವು ಕೇಳಿ ತಿಳಿದುಕೊಳ್ಳಬೇಡಿ. ಪೂರ್ತಿ ತಡೆದರೆ ಸಿಡಿಮಿಡಿ ಎನಿಸುವವರಿಗೆ ಒನ್ ಸೆಕ್ ಎಂಬ ಆ್ಯಪ್ ಹಿತ: ಆ್ಯಪ್ ತೆರೆಯುವ ಮುನ್ನ ಒಂದು ದೀರ್ಘ ಉಸಿರಿನಷ್ಟು ಕಾಯಿಸಿ, ನಿಜಕ್ಕೂ ಬೇಕೇ ಎಂದು ಕೇಳುತ್ತದೆ.

ಆಂಡ್ರಾಯ್ಡ್‌ನಲ್ಲಿ ಹಲವು ಬ್ಲಾಕರ್‌ಗಳು ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಪರದೆಯ ಮೇಲಿರುವುದನ್ನು ಓದಬಲ್ಲ ಅನುಮತಿ ಅದು. ಗುರುತು ಪರಿಚಯವಿಲ್ಲದ ಆ್ಯಪ್‌ಗೆ ಕೊಡಲೇಬೇಡಿ. ಬ್ಲಾಕರ್ ತಾನಾಗಿ ನಿಂತುಹೋಗುತ್ತಿದ್ದರೆ ಬಹುತೇಕ ಬ್ಯಾಟರಿ ಉಳಿತಾಯದ ಸೆಟ್ಟಿಂಗ್ಸ್‌ನದೇ ಕಾರುಬಾರು. ಅಲ್ಲಿ ಅದಕ್ಕೆ ವಿನಾಯಿತಿ ಕೊಡಿ.

ವಾಟ್ಸಾಪ್ ಅನ್ನು ಪೂರ್ತಿ ಮುಚ್ಚಬೇಡಿ. ತೋಟದ ಮೇಸ್ತ್ರಿಯ ಸಂದೇಶ ಬರುವುದೂ ಅಲ್ಲಿಗೇ. ಆರಂಭಕ್ಕೆ ನಿಮ್ಮನ್ನು ಹೆಚ್ಚು ಕಾಡುವ ಒಂದೇ ಆ್ಯಪ್ ಸಾಕು, ಅದೂ ಬೆಳಗಿನ ಹೊತ್ತಿಗೆ ಮಾತ್ರ. ಎಡಿಎಚ್‌ಡಿಗೆ ಔಷಧ ತೆಗೆದುಕೊಳ್ಳುತ್ತಿರುವವರು ಬ್ಲಾಕರ್ ನೆಚ್ಚಿಕೊಂಡು ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬೇಡಿ.